ನಿರ್ದೇಶಕ ಮಂಡಳಿಯ ವೈವಿಧ್ಯ ಸಿಎಸ್‌ಆರ್ ಕೆಲಸಕ್ಕೆ ಒದಗಬೇಕಾದರೆ: ಕೋಲಾರ ಸುತ್ತಲಿನ ಕಂಪನಿಗಳಿಗೆ ಹಂತವಾರು ಮಾರ್ಗದರ್ಶಿ

ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳ ಮಧ್ಯಮ ಗಾತ್ರದ ಕಂಪನಿಗಳ ಕಡತಗಳನ್ನು ನೋಡುವ ನನ್ನಂಥವರಿಗೆ ಒಂದೇ ತಪ್ಪು ವರ್ಷವರ್ಷವೂ ಎದುರಾಗುತ್ತದೆ. ಕಂಪನಿಗಳ ಕಾಯ್ದೆ ಕೇಳುತ್ತದೆ ಎಂಬ ಕಾರಣಕ್ಕೆ ಮಂಡಳಿಗೆ ಮಹಿಳಾ ನಿರ್ದೇಶಕರೊಬ್ಬರ ಹೆಸರು ಸೇರುತ್ತದೆ. ಇನ್ನೊಂದು ಮೇಜಿನ ಮೇಲೆ ಸಾಮಾಜಿಕ ಹೊಣೆಗಾರಿಕೆಯ ಹಣ, ಅಂದರೆ ಸಿಎಸ್‌ಆರ್ ಹಣ, ಮಾರ್ಚ್ ಮೂರನೇ ವಾರದವರೆಗೂ ಮಿಸುಕಾಡದೆ ಕುಳಿತಿದ್ದು ಕೊನೆಗೆ ಶಾಲಾ ಬ್ಯಾಗು, ಬೆಂಚುಗಳಾಗಿ ಹಂಚಿಹೋಗುತ್ತದೆ. ಈ ಎರಡು ಕಡತಗಳಿಗೆ ಪರಸ್ಪರ ಸಂಬಂಧವಿದೆ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಸಂಬಂಧ ತಾನಾಗಿ ಹುಟ್ಟುವಂಥದ್ದೂ ಅಲ್ಲ. ಮಂಡಳಿಯಲ್ಲಿ ಮಹಿಳೆಯರು ಮತ್ತು ಹೊರಗಿನವರು ಹೆಚ್ಚಿರುವ ಕಂಪನಿಗಳ ಸಿಎಸ್‌ಆರ್ ವರದಿ ಉತ್ತಮವಾಗಿರುತ್ತದೆ ಎಂದು ಅನೇಕ ಅಧ್ಯಯನಗಳು ಹೇಳುತ್ತವೆ. ಆದರೆ ಅವುಗಳಲ್ಲಿ ಹಲವು ಅಳೆಯುವುದು ವರದಿಯನ್ನೇ ಹೊರತು ಹಳ್ಳಿಯಲ್ಲಿ ನಡೆದ ಕೆಲಸವನ್ನಲ್ಲ. ಮೊದಲೇ ಚೆನ್ನಾಗಿ ನಡೆಯುತ್ತಿರುವ ಕಂಪನಿಗಳೇ ಇಂಥವರನ್ನು ನೇಮಿಸಿಕೊಳ್ಳುತ್ತಿರಬಹುದು ಎಂಬ ಸಂದೇಹಕ್ಕೂ ಜಾಗವಿದೆ. ನನ್ನ ಅನುಭವದಲ್ಲಿ ಫಲ ಕೊಡುವುದು ಹೆಜ್ಜೆಗಳ ಅನುಕ್ರಮ. ಮಂಡಳಿಗೆ ಗೊತ್ತಿಲ್ಲದ್ದನ್ನು ಮೊದಲು ಬರೆದುಕೊಳ್ಳಬೇಕು, ಗೊತ್ತಿರುವವರನ್ನು ಆಮೇಲೆ ಹುಡುಕಬೇಕು, ಅವರಿಗೆ ಸಮಿತಿಯಲ್ಲಿ ಸ್ಥಾನವನ್ನೂ ಸಕಾಲಕ್ಕೆ ಕಾಗದವನ್ನೂ ಕೊಡಬೇಕು. ಹಣದ ಮಾತು ಕೊನೆಗೆ ಬರಬೇಕು. ಬಹುತೇಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

## ಕೈಯಲ್ಲಿ ಇರಬೇಕಾದವು

ಹಿಂದಿನ ಮೂರು ವರ್ಷಗಳ ಮಂಡಳಿ ಸಭೆಯ ನಡಾವಳಿ ಪುಸ್ತಕ, ಅದೇ ಕಾಯ್ದೆಯ ಕಲಂ 198ರ ಪ್ರಕಾರ ಲೆಕ್ಕ ಹಾಕಿದ ನಿವ್ವಳ ಲಾಭ, ಸಿಎಸ್‌ಆರ್ ವೆಚ್ಚದ ಹಳ್ಳಿವಾರು ಪಟ್ಟಿ, ಕಂಪನಿಯ ಅಂತರ್ನಿಯಮಗಳ (ಆರ್ಟಿಕಲ್ಸ್ ಆಫ್ ಅಸೋಸಿಯೇಷನ್) ಪ್ರತಿ ಮತ್ತು ಕಾರ್ಖಾನೆಯ ಸುತ್ತ ಹದಿನೈದು ಕಿಲೋಮೀಟರ್ ವ್ಯಾಪ್ತಿಯ ಗ್ರಾಮ ಪಂಚಾಯಿತಿಗಳ ನಕ್ಷೆ ಇಷ್ಟು ಸಾಕು. ಕೆಲಸವನ್ನು ಅಕ್ಟೋಬರ್‌ನಲ್ಲಿ ಆರಂಭಿಸಿದರೆ ಏಪ್ರಿಲ್ ಹೊತ್ತಿಗೆ ಹೊಸ ಯೋಜನೆಗೆ ಸಿದ್ಧರಾಗುತ್ತೀರಿ. ಜನವರಿಯಲ್ಲಿ ಆರಂಭಿಸಿದವರು ಮತ್ತೆ ಬ್ಯಾಗು ಹಂಚುತ್ತಾರೆ.

## ಹಂತ 1: ಯಾವ ನಿಯಮ ನಿಮಗೆ ಅನ್ವಯಿಸುತ್ತದೆ ಎಂದು ಗುರುತಿಸಿ

ಇಲ್ಲಿ ಎರಡು ಪ್ರತ್ಯೇಕ ಅಳತೆಗೋಲುಗಳಿವೆ, ಗೊಂದಲ ಹುಟ್ಟುವುದೂ ಇಲ್ಲಿಯೇ. ಕಂಪನಿಗಳ ಕಾಯ್ದೆ 2013ರ ಕಲಂ 135ರ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಯಾವುದೇ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಿಎಸ್‌ಆರ್‌ಗೆ ವೆಚ್ಚ ಮಾಡಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಯೂ ಇದರೊಳಗೆ ಬರುತ್ತದೆ.

ಮಹಿಳಾ ನಿರ್ದೇಶಕರ ನಿಯಮ ಹಾಗಲ್ಲ. ಅದು ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಿಗೆ ಮತ್ತು 100 ಕೋಟಿ ಪಾವತಿಯಾದ ಬಂಡವಾಳ ಅಥವಾ 300 ಕೋಟಿ ವಹಿವಾಟಿರುವ ಇತರ ಪಬ್ಲಿಕ್ ಕಂಪನಿಗಳಿಗೆ ಮಾತ್ರ ಕಡ್ಡಾಯ. ಸ್ವತಂತ್ರ ನಿರ್ದೇಶಕರ, ಅಂದರೆ ಕಂಪನಿಯೊಂದಿಗಾಗಲಿ ಅದರ ಪ್ರವರ್ತಕರೊಂದಿಗಾಗಲಿ ನಂಟಿಲ್ಲದ ನಿರ್ದೇಶಕರ ವಿಷಯದಲ್ಲಿ, ನೋಂದಾಯಿತ ಕಂಪನಿಗಳಿಗೆ ಮಂಡಳಿಯ ಮೂರನೇ ಒಂದು ಭಾಗ, 10 ಕೋಟಿ ಬಂಡವಾಳ ಅಥವಾ 100 ಕೋಟಿ ವಹಿವಾಟು ಅಥವಾ 50 ಕೋಟಿಗೂ ಮೀರಿದ ಸಾಲವಿರುವ ಇತರ ಪಬ್ಲಿಕ್ ಕಂಪನಿಗಳಿಗೆ ಕನಿಷ್ಠ ಇಬ್ಬರು ಎಂಬ ನಿಯಮವಿದೆ.

ಪರಿಣಾಮವೇನೆಂದರೆ, ಮಾಲೂರಿನಲ್ಲಿ ತಂದೆ ಮತ್ತು ಮಗ ನಿರ್ದೇಶಕರಾಗಿರುವ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು ಲಾಭದ ಕಾರಣದಿಂದ ಸಿಎಸ್‌ಆರ್ ವ್ಯಾಪ್ತಿಗೆ ಬಂದರೂ ಹೊರಗಿನವರೊಬ್ಬರನ್ನೂ ಮಂಡಳಿಗೆ ಸೇರಿಸಿಕೊಳ್ಳಬೇಕಾಗಿಲ್ಲ. ಇಬ್ಬರೇ ನಿರ್ದೇಶಕರ ಸಿಎಸ್‌ಆರ್ ಸಮಿತಿಯೂ ನಡೆಯುತ್ತದೆ. ಕಾಯ್ದೆ ಒತ್ತಾಯಿಸದ ಈ ಕಂಪನಿಗಳಲ್ಲಿಯೇ ಕೊರತೆ ಹೆಚ್ಚು. ಆದ್ದರಿಂದ ‘ನಮಗೆ ಅನ್ವಯಿಸುವುದಿಲ್ಲ’ ಎಂದು ಕಡತ ಮುಚ್ಚಬೇಡಿ.

## ಹಂತ 2: ಮಂಡಳಿಗೆ ಗೊತ್ತಿಲ್ಲದ್ದನ್ನು ಬರೆದುಕೊಳ್ಳಿ

ಎಲ್ಲರೂ ಹಾರಿಬಿಡುವ ಹಂತ ಇದು. ಇಲ್ಲಿ ತಪ್ಪಿದರೆ ಮುಂದಿನ ಯಾವುದೂ ಸರಿಹೋಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಕಂಪನಿಯೊಂದರ ಸಿಎಸ್‌ಆರ್ ವೆಚ್ಚ ಪರಿಶೀಲಿಸಲು ಬಂಗಾರಪೇಟೆ ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಶುದ್ಧ ಕುಡಿಯುವ ನೀರಿನ ಘಟಕ ಊರ ಹೊರಗೆ, ಮುಖ್ಯರಸ್ತೆಯ ಪಕ್ಕದಲ್ಲಿತ್ತು. ಕಂಪನಿಯ ಹೆಸರಿನ ಫಲಕ ದೂರದಿಂದಲೇ ಕಾಣುತ್ತಿತ್ತು. ನೀಲಿ ಷಟರ್ ಇಳಿದಿತ್ತು, 5 ರೂಪಾಯಿ ನಾಣ್ಯ ಹಾಕುವ ಸೀಳಿನಲ್ಲಿ ಧೂಳು ತುಂಬಿತ್ತು. ಬೆಳಿಗ್ಗೆ 10ರಿಂದ 12, ಸಂಜೆ 4ರಿಂದ 5 ಎಂದು ಬರೆದ ಕಾಗದ ಗೋಡೆಗೆ ಅಂಟಿತ್ತು. ಆ ಊರಿನ ಹೆಂಗಸರು ಟೊಮೆಟೊ ಕೀಳುವ ಕೂಲಿಗೆಂದು ಬೆಳಿಗ್ಗೆ 7ಕ್ಕೆ ಗೂಡ್ಸ್ ಆಟೊ ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಖಾಲಿ ಕ್ಯಾನ್ ಹಿಡಿದು ಬಂದಿದ್ದ ಒಬ್ಬಾಕೆ, ‘ನಾವು ತೋಟದಿಂದ ಬರೋ ಹೊತ್ಗೆ ಬೀಗ ಹಾಕ್ಬಿಟ್ಟಿರ್ತಾರೆ ಸಾರ್. ಕ್ಯಾನ್ ಹೊರೋರು ನಾವು, ಟೈಮ್ ಇಟ್ಟೋರು ಯಾರೋ’ ಎಂದರು.

ಕಚೇರಿಗೆ ಬಂದು ಆ ಘಟಕಕ್ಕೆ ಒಪ್ಪಿಗೆ ನೀಡಿದ ಸಭೆಯ ನಡಾವಳಿ ತೆಗೆಸಿದೆ. ಐವರು ನಿರ್ದೇಶಕರು, ಎಲ್ಲರೂ ಒಂದೇ ಕುಟುಂಬದವರು ಅಥವಾ ಅವರ ಹಳೆಯ ಸಹಪಾಠಿಗಳು. ಯಂತ್ರದ ಸಾಮರ್ಥ್ಯ, ದರಪಟ್ಟಿ, ವಾರಂಟಿ, ಫಲಕದ ಅಳತೆ, ಇವಿಷ್ಟೂ ಚರ್ಚೆಯಾಗಿದ್ದವು. ನೀರನ್ನು ಯಾರು, ಎಷ್ಟು ಹೊತ್ತಿಗೆ, ಎಷ್ಟು ದೂರ ಹೊರುತ್ತಾರೆ ಎಂಬ ಪ್ರಶ್ನೆ ಇಡೀ ನಡಾವಳಿಯಲ್ಲಿ ಇರಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ; ಅಂಥ ಪ್ರಶ್ನೆ ಹುಟ್ಟುವ ತಲೆ ಆ ಮೇಜಿನ ಸುತ್ತ ಇರಲಿಲ್ಲ, ಅಷ್ಟೇ.

ಆದ್ದರಿಂದ ಒಂದು ಕೋಷ್ಟಕ ಮಾಡಿ. ಎಡಗಡೆ ನಿಮ್ಮ ಸುತ್ತಲಿನ ಊರುಗಳಿಗೆ ಸಂಬಂಧಿಸಿದ ಪ್ರಶ್ನೆಗಳು, ಮೇಲ್ಗಡೆ ನಿರ್ದೇಶಕರ ಹೆಸರುಗಳು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆಯೇ? ಕೂಲಿಗೆ ಹೋಗುವ ಹೊತ್ತು ಯಾವುದು? ಅಂಗನವಾಡಿಯಿಂದ ದಲಿತ ಕೇರಿಗೆ ಎಷ್ಟು ದೂರ? ಕೆರೆಯ ಹೂಳೆತ್ತಿದಾಗ ಅದು ಯಾರ ಹೊಲಕ್ಕೆ ಹೋಗುತ್ತದೆ, ಟ್ರ್ಯಾಕ್ಟರ್ ಇಲ್ಲದವರಿಗೆ ಸಿಗುತ್ತದೆಯೇ? ಆ ಕೆರೆ, ಬೆಂಗಳೂರಿನ ಸಂಸ್ಕರಿತ ನೀರನ್ನು 2018ರಿಂದ ಜಿಲ್ಲೆಗೆ ತರುತ್ತಿರುವ ಕೆ.ಸಿ. ವ್ಯಾಲಿ ಯೋಜನೆಯ ಸಾಲಿನಲ್ಲಿದೆಯೇ? ಇದ್ದರೆ ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸದೆ ಕೆರೆಯ ಕಾಮಗಾರಿಗೆ ಕೈಹಾಕುವುದು ಸರಿಯಲ್ಲ. ಬೇರೆ ಜಿಲ್ಲೆಗಳಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವ ಯುವತಿಯರು ಯಾವ ಆಸ್ಪತ್ರೆಗೆ ಹೋಗುತ್ತಾರೆ?

ಯಾರಿಗೂ ಫೋನ್ ಮಾಡದೆ ಉತ್ತರಿಸಬಲ್ಲ ನಿರ್ದೇಶಕರ ಹೆಸರಿನ ಕೆಳಗೆ ಮಾತ್ರ ಗುರುತು ಹಾಕಿ. (ಫೋನ್ ಮಾಡಬಾರದೆಂಬ ಷರತ್ತನ್ನು ಸಡಿಲಿಸಬೇಡಿ, ಸಡಿಲಿಸಿದರೆ ಎಲ್ಲರೂ ಕಾರ್ಖಾನೆಯ ಎಚ್‌ಆರ್ ಮ್ಯಾನೇಜರನ್ನೇ ಕೇಳಿ ಗುರುತು ಹಾಕುತ್ತಾರೆ.) ಒಂದೂ ಗುರುತಿಲ್ಲದ ಸಾಲುಗಳೇ ನಿಮ್ಮ ಮಂಡಳಿಯ ಕೊರತೆ.

## ಹಂತ 3: ಕೊರತೆ ತುಂಬುವ ವ್ಯಕ್ತಿಯನ್ನು ಹುಡುಕಿ

ಸಾಮಾನ್ಯ ತಪ್ಪೆಂದರೆ ಪ್ರವರ್ತಕರ ಪತ್ನಿ ಅಥವಾ ಸೊಸೆಯ ಹೆಸರು ಬರೆದು ವೈವಿಧ್ಯ ಮುಗಿಯಿತೆಂದುಕೊಳ್ಳುವುದು. ಕಾಯ್ದೆ ಅದನ್ನು ತಡೆಯುವುದಿಲ್ಲ. ಅವರು ಸಮರ್ಥರಾಗಿರಲೂಬಹುದು. ಆದರೆ ಕೋಷ್ಟಕದ ಖಾಲಿ ಸಾಲು ಅವರಿಂದ ತುಂಬದಿದ್ದರೆ ಅವರು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ, ಹಣಕಾಸಿನಲ್ಲಿ ಪರಿಣತರಾದ ಮಹಿಳೆಯೊಬ್ಬರು ನಿಮ್ಮ ಲೆಕ್ಕಪತ್ರ ಸಮಿತಿಗೆ ದೊಡ್ಡ ಬಲವಾಗಬಹುದು, ಆದರೆ ಹೆಣ್ಣೆಂಬ ಕಾರಣಕ್ಕೇ ಮುಳಬಾಗಿಲಿನ ಹಳ್ಳಿಯ ನೀರಿನ ಹೊರೆ ಅವರಿಗೆ ತಿಳಿದಿರುತ್ತದೆ ಎಂದು ಭಾವಿಸಬಾರದು. ಲಿಂಗ, ಜಾತಿ, ಊರು, ವೃತ್ತಿ, ವಯಸ್ಸು ಇವೆಲ್ಲವೂ ಬೇರೆ ಬೇರೆ ಅರಿವನ್ನು ತರುತ್ತವೆ. ನಿಮಗೆ ಯಾವುದು ಬೇಕೆಂದು ಹೇಳಬೇಕಾದದ್ದು ಆ ಕೋಷ್ಟಕವೇ.

ಹುಡುಕುವ ಜಾಗಗಳು ಹತ್ತಿರದಲ್ಲಿಯೇ ಇವೆ. ನಿವೃತ್ತ ಅಂಗನವಾಡಿ ಮೇಲ್ವಿಚಾರಕಿಯರು, ಹಾಲು ಉತ್ಪಾದಕರ ಮಹಿಳಾ ಸಹಕಾರ ಸಂಘ ನಡೆಸಿ ಲೆಕ್ಕ ಒಪ್ಪಿಸಿ ಗೊತ್ತಿರುವವರು, ಸರ್ಕಾರಿ ಆಸ್ಪತ್ರೆಯ ನಿವೃತ್ತ ವೈದ್ಯರು, ರೇಷ್ಮೆ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ತಾಲ್ಲೂಕು ಸುತ್ತಿದ ಅಧಿಕಾರಿಗಳು, ಸ್ತ್ರೀಶಕ್ತಿ ಸಂಘಗಳ ಒಕ್ಕೂಟವನ್ನು ಮುನ್ನಡೆಸಿದವರು. ಸಾಮಾನ್ಯ ನಿರ್ದೇಶಕರಾಗಲು ಕಾಯ್ದೆ ಯಾವ ಪದವಿಯನ್ನೂ ಕೇಳುವುದಿಲ್ಲ. ಸ್ವತಂತ್ರ ನಿರ್ದೇಶಕರಾಗಬೇಕಾದರೆ ಮಾತ್ರ ಕಲಂ 149(6)ರ ಅರ್ಹತೆಗಳಿರಬೇಕು, ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆಯ ದತ್ತಕೋಶದಲ್ಲಿ ಹೆಸರು ನೋಂದಾಯಿಸಬೇಕು ಮತ್ತು ವಿನಾಯಿತಿ ಇಲ್ಲದವರು ಅಲ್ಲಿನ ಆನ್‌ಲೈನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಸಾಧ್ಯವಿದ್ದಲ್ಲಿ ಒಬ್ಬರನ್ನೇ ತರಬೇಡಿ. ಒಂಟಿ ದನಿಯನ್ನು ‘ಅವರ ಅಭಿಪ್ರಾಯ’ ಎಂದು ಬದಿಗಿಡುವುದು ಸುಲಭ. ಅಂಥವರು ಮೂವರಾದಾಗ ಚರ್ಚೆಯ ಧಾಟಿಯೇ ಬದಲಾಗುತ್ತದೆ ಎಂಬುದು ಈ ಕ್ಷೇತ್ರದ ಅಧ್ಯಯನಗಳಲ್ಲಿ ಮರಳಿ ಮರಳಿ ಬರುವ ಮಾತು. ಐವರ ಮಂಡಳಿಯಲ್ಲಿ ಮೂವರು ಕಷ್ಟವಾದರೆ ಇಬ್ಬರಾದರೂ ಇರಲಿ.

## ಹಂತ 4: ನೇಮಕದ ಕಾಗದಗಳನ್ನು ಪೂರೈಸಿ

ಅಂತರ್ನಿಯಮಗಳಲ್ಲಿ ಅವಕಾಶವಿದ್ದರೆ ಮಂಡಳಿಯೇ ಹೆಚ್ಚುವರಿ ನಿರ್ದೇಶಕರಾಗಿ ನೇಮಿಸಿ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಷೇರುದಾರರ ಒಪ್ಪಿಗೆ ಪಡೆಯಬಹುದು. ನಿರ್ದೇಶಕರ ಗುರುತಿನ ಸಂಖ್ಯೆ, ಸಮ್ಮತಿಗೆ ಡಿಐಆರ್-2, ಅನರ್ಹತೆ ಇಲ್ಲವೆಂಬುದಕ್ಕೆ ಡಿಐಆರ್-8, ಹಿತಾಸಕ್ತಿ ಘೋಷಣೆಗೆ ಎಂಬಿಪಿ-1 ನಮೂನೆ ಬೇಕು. ನೇಮಕದ 30 ದಿನಗಳೊಳಗೆ ಕಂಪನಿಗಳ ನೋಂದಣಾಧಿಕಾರಿಗೆ ಡಿಐಆರ್-12 ಸಲ್ಲಿಸಬೇಕು. ಡಿಜಿಟಲ್ ಸಹಿಯ ಟೋಕನ್ ಅವರ ಬಳಿಯೇ ಇರಲಿ. ಹೊಸ ನಿರ್ದೇಶಕಿಯ ಟೋಕನ್ ಲೆಕ್ಕಪತ್ರ ವಿಭಾಗದ ಗುಮಾಸ್ತರ ಡ್ರಾಯರಿನಲ್ಲಿ ಇದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಇದು ಮೊದಲ ಅಪಾಯದ ಸೂಚನೆ.

## ಹಂತ 5: ಸಮಿತಿಯಲ್ಲಿ ಸ್ಥಾನ ಕೊಡಿ, ಸಭೆಯ ರೀತಿ ಬದಲಿಸಿ

ಮಂಡಳಿಗೆ ಬಂದವರು ಸಿಎಸ್‌ಆರ್ ಸಮಿತಿಯಲ್ಲಿ ಇಲ್ಲದಿದ್ದರೆ ಇದುವರೆಗಿನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಸಮಿತಿಯಲ್ಲಿ ಮೂವರು ಅಥವಾ ಹೆಚ್ಚು ನಿರ್ದೇಶಕರಿರಬೇಕು, ಅವರಲ್ಲಿ ಒಬ್ಬರಾದರೂ ಸ್ವತಂತ್ರ ನಿರ್ದೇಶಕರಿರಬೇಕು. ಸ್ವತಂತ್ರ ನಿರ್ದೇಶಕರ ನಿಯಮ ಅನ್ವಯಿಸದ ಕಂಪನಿಗೆ ಇಬ್ಬರು ಸಾಕು. ವೆಚ್ಚ ಮಾಡಬೇಕಾದ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಸಮಿತಿಯೇ ಬೇಡ, ಮಂಡಳಿಯೇ ಆ ಕೆಲಸ ನಿರ್ವಹಿಸಬಹುದು. ಹೊರಗಿನವರನ್ನು ನಿರ್ದೇಶಕರನ್ನಾಗಿ ಮಾಡಿಕೊಳ್ಳಲು ಕುಟುಂಬ ಇನ್ನೂ ಒಪ್ಪಿಲ್ಲವಾದರೆ ವಿಶೇಷ ಆಹ್ವಾನಿತರಾಗಿ ಕರೆಯಿರಿ. ಆದರೆ ಅವರಿಗೆ ಮತವಿಲ್ಲ ಎಂಬುದನ್ನು ಅವರಿಗೂ ಹೇಳಿ, ನೀವೂ ನೆನಪಿಡಿ.

ಮುಂದಿನ ತೊಡಕು ಕಾಗದದ್ದು. ಅರವತ್ತು ಪುಟಗಳ ಇಂಗ್ಲಿಷ್ ಟಿಪ್ಪಣಿ ಸಭೆಯ ಹಿಂದಿನ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಬಂದರೆ, ಮೂವತ್ತು ವರ್ಷ ಅಂಗನವಾಡಿಗಳನ್ನು ನಡೆಸಿದವರು ಕೂಡ ಸುಮ್ಮನೆ ಕುಳಿತು ಸಹಿ ಹಾಕಿ ಹೋಗುತ್ತಾರೆ. ಸಭೆಯ ಸೂಚನೆ ಮತ್ತು ಕಾರ್ಯಸೂಚಿಯ ಟಿಪ್ಪಣಿಗಳನ್ನು ಏಳು ದಿನ ಮೊದಲು ಕಳುಹಿಸಬೇಕೆಂಬುದು ನಿಯಮವೇ ಆಗಿದೆ. ಅದರ ಜೊತೆಗೆ ಎರಡು ಪುಟದ ಕನ್ನಡ ಸಾರಾಂಶ ಇಡಿ. ಪ್ರತಿ ಯೋಜನೆಗೂ ಊರಿನ ಹೆಸರು, ಫಲಾನುಭವಿಗಳು, ಮೊತ್ತ ಮತ್ತು ತಿರಸ್ಕರಿಸಿದ ಪರ್ಯಾಯ ಯಾವುದು ಎಂಬುದು ಅದರಲ್ಲಿರಲಿ. ಸಭೆಯನ್ನು ರಾತ್ರಿ 7ಕ್ಕೆ ಬೆಂಗಳೂರಿನ ಹೋಟೆಲಿನಲ್ಲಿ ಇಟ್ಟುಕೊಂಡು, ಶ್ರೀನಿವಾಸಪುರದಿಂದ ಬರಬೇಕಾದ ನಿರ್ದೇಶಕಿ ಗೈರುಹಾಜರಾದರು ಎಂದು ಬರೆಯಬೇಡಿ. ಹಗಲು ಹೊತ್ತಿನಲ್ಲಿ ಕಾರ್ಖಾನೆಯಲ್ಲಿಯೇ ನಡೆಸಿ, ಸಾಧ್ಯವಾಗದಾಗ ವಿಡಿಯೊ ಮೂಲಕ ಸೇರಿಸಿಕೊಳ್ಳಿ. ಎಲ್ಲ ಸ್ವತಂತ್ರ ನಿರ್ದೇಶಕರಿಗೂ ಒಂದೇ ಸಭಾ ಶುಲ್ಕವಿರಲಿ. ಕಾಯ್ದೆಯ ಮಿತಿ ಪ್ರತಿ ಸಭೆಗೆ 1 ಲಕ್ಷ ರೂಪಾಯಿ.

ಸಭೆಯೊಳಗೆ ಮಾತಿನ ಅನುಕ್ರಮವನ್ನೂ ಬದಲಿಸಬೇಕು. ಅಧ್ಯಕ್ಷರು ಮೊದಲೇ ‘ಇದು ಒಳ್ಳೆಯ ಯೋಜನೆ’ ಎಂದರೆ ನಮ್ಮ ಕಡೆಯ ಸಭೆಗಳಲ್ಲಿ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ. ಯಜಮಾನರ ಮಾತಿಗೆ ಎದುರಾಡುವುದು ಅಗೌರವ ಎಂಬ ಭಾವ ಇನ್ನೂ ಗಟ್ಟಿಯಾಗಿದೆ. ಹೊಸಬರು ಮೊದಲು, ಅಧ್ಯಕ್ಷರು ಕೊನೆಗೆ ಮಾತನಾಡಲಿ. ಭಿನ್ನಮತ ಬಂದರೆ ಹೆಸರು ಸಹಿತ ನಡಾವಳಿಯಲ್ಲಿ ದಾಖಲಿಸಿ, ಕರಡನ್ನು 15 ದಿನಗಳೊಳಗೆ ಎಲ್ಲರಿಗೂ ಕಳುಹಿಸಿ, ತಿದ್ದುಪಡಿಗೆ 7 ದಿನ ಕೊಡಿ.

ಅಪಾಯದ ಸೂಚನೆ: ಸತತ ನಾಲ್ಕು ಸಭೆಗಳಲ್ಲಿ ಪ್ರತಿಯೊಂದು ಸಿಎಸ್‌ಆರ್ ವಿಷಯವೂ ‘ಸರ್ವಾನುಮತದಿಂದ’ ಅಂಗೀಕಾರವಾಗಿದ್ದು, ಒಂದು ಯೋಜನೆಯೂ ತಿದ್ದುಪಡಿಯಾಗದೆ, ಮುಂದೂಡದೆ ಇದ್ದರೆ ನಿಮ್ಮಲ್ಲಿ ಹೊಸ ಮುಖಗಳಿವೆ, ಹೊಸ ಮಾತು ಹುಟ್ಟಿಲ್ಲ.

## ಹಂತ 6: ವಾರ್ಷಿಕ ಕ್ರಿಯಾ ಯೋಜನೆ ರೂಪಿಸಿ

ಈಗ ಯೋಜನೆಗಳ ಸರದಿ. ಸಮಿತಿಯ ಸದಸ್ಯರು ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಕನಿಷ್ಠ ಮೂರು ಊರುಗಳಿಗೆ, ಜನ ಮನೆಯಲ್ಲಿರುವ ಹೊತ್ತಿಗೆ, ಮೆರವಣಿಗೆ ಇಲ್ಲದೆ ಹೋಗಿ ಬರಲಿ. ಬಳಿಕ ಕಾಯ್ದೆಯ ಅನುಸೂಚಿ 7ರೊಳಗೆ, ಅಂದರೆ ಈ ಹಣದಲ್ಲಿ ಮಾಡಬಹುದಾದ ಕೆಲಸಗಳ ಪಟ್ಟಿಯೊಳಗೆ, ಬರುವ ಯೋಜನೆಗಳ ವಿವರ, ಅನುಷ್ಠಾನದ ವಿಧಾನ, ಹಣ ಬಿಡುಗಡೆಯ ವೇಳಾಪಟ್ಟಿ ಮತ್ತು ಉಸ್ತುವಾರಿ ಕ್ರಮಗಳನ್ನು ಬರೆದು ಮಂಡಳಿಗೆ ಶಿಫಾರಸು ಮಾಡಬೇಕು. ಕಂಪನಿ ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಲಂ 135 ಹೇಳುತ್ತದೆ.

ಹೊಸ ನಿರ್ದೇಶಕರಿಂದ ಒಳ್ಳೆಯ ಸಲಹೆ ಬಂದು, ಅದು ನಿಯಮದ ಗೋಡೆಗೆ ಬಡಿಯುವುದು ಇಲ್ಲಿಯೇ. ಕಾರ್ಖಾನೆಯ ಮಹಿಳಾ ಕಾರ್ಮಿಕರಿಗೆ ಶಿಶುಪಾಲನಾ ಕೇಂದ್ರ ಬೇಕೆಂದು ನಿರ್ದೇಶಕಿಯೊಬ್ಬರು ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಬೇಡಿಕೆ ನ್ಯಾಯವಾದದ್ದೇ. ಆದರೆ 50 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ಹೆರಿಗೆ ಸೌಲಭ್ಯ ಕುರಿತ ಕಾನೂನಿನಿಂದಲೇ ಬಂದ ಕರ್ತವ್ಯ, ಜೊತೆಗೆ ಸ್ವಂತ ನೌಕರರಿಗಾಗಿಯೇ ಇರುವ ಸೌಲಭ್ಯ. ಎರಡು ಕಾರಣದಿಂದಲೂ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ‘ಆಗುವುದಿಲ್ಲ’ ಎಂದಷ್ಟೇ ಹೇಳಿ ಅವರ ಬಾಯಿ ಮುಚ್ಚಿಸಬೇಡಿ. ಕಾರ್ಖಾನೆಯ ಕೇಂದ್ರವನ್ನು ಕಂಪನಿಯ ಸ್ವಂತ ಖರ್ಚಿನಲ್ಲಿ ಮಾಡಿ, ಪಕ್ಕದ ಊರಿನ ಅಂಗನವಾಡಿಯ ಕಟ್ಟಡ ಮತ್ತು ಶೌಚಾಲಯವನ್ನು ಸಿಎಸ್‌ಆರ್‌ನಲ್ಲಿ ತೆಗೆದುಕೊಳ್ಳಿ.

ಕಟ್ಟಡವಾಗಲಿ ಯಂತ್ರವಾಗಲಿ, ಸಿಎಸ್‌ಆರ್ ಹಣದಲ್ಲಿ ಮಾಡಿದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಗ್ರಾಮ ಪಂಚಾಯಿತಿಯಂಥ ಸಾರ್ವಜನಿಕ ಪ್ರಾಧಿಕಾರ, ಫಲಾನುಭವಿಗಳ ಸ್ವಸಹಾಯ ಸಂಘ ಅಥವಾ ನೋಂದಾಯಿತ ದತ್ತಿ ಸಂಸ್ಥೆಯ ಹೆಸರಿನಲ್ಲಿರಬೇಕು. ನೀರಿನ ಘಟಕವನ್ನು ಮಹಿಳಾ ಸ್ವಸಹಾಯ ಸಂಘಕ್ಕೆ ಒಪ್ಪಿಸಿದರೆ ಬೀಗದ ಕೈಯೂ ಬಾಗಿಲು ತೆರೆಯುವ ಹೊತ್ತೂ ಕ್ಯಾನ್ ಹೊರುವವರ ಕೈಯಲ್ಲಿಯೇ ಇರುತ್ತವೆ. ನೀರು ಸೋಸುವ ಮೆಂಬ್ರೇನ್ ಬದಲಿಸುವ ಖರ್ಚನ್ನು ಮೊದಲ ದಿನವೇ ಯೋಜನೆಯಲ್ಲಿ ಸೇರಿಸಿ, ಅದನ್ನು ಬಹುವರ್ಷದ ಯೋಜನೆಯೆಂದು ಮಂಡಳಿಯಲ್ಲಿ ಅಂಗೀಕರಿಸಿ.

ನಿರ್ದೇಶಕರಿಗೆ ಸಂಬಂಧಿಸಿದ ಟ್ರಸ್ಟೇ ಅನುಷ್ಠಾನ ಸಂಸ್ಥೆಯಾಗಿದ್ದರೆ, ಅದು ಹೊಸ ನಿರ್ದೇಶಕರದ್ದಾಗಿದ್ದರೂ ಸರಿ, ಅವರು ಹಿತಾಸಕ್ತಿ ಘೋಷಿಸಿ ಚರ್ಚೆಯಿಂದ ಹೊರಗಿರಲಿ. ಯಾವುದೇ ಸಂಸ್ಥೆಗಾದರೂ ಹಣ ಕೊಡುವ ಮೊದಲು ಸಿಎಸ್‌ಆರ್-1 ನಮೂನೆ ಸಲ್ಲಿಸಿ ಸರ್ಕಾರದಿಂದ ಪಡೆದ ನೋಂದಣಿ ಸಂಖ್ಯೆಯನ್ನು ನೋಡಿ.

## ಹಂತ 7: ಹಣ ಮತ್ತು ಗಡುವು

ಆಡಳಿತ ವೆಚ್ಚ ಒಟ್ಟು ಸಿಎಸ್‌ಆರ್ ವೆಚ್ಚದ ಶೇ 5 ಮೀರಬಾರದು. ಮಂಡಳಿ ಒಪ್ಪಿದ ರೀತಿಯಲ್ಲೇ ಹಣ ಬಳಕೆಯಾಗಿದೆ ಎಂದು ಮುಖ್ಯ ಹಣಕಾಸು ಅಧಿಕಾರಿ ಅಥವಾ ಹಣಕಾಸಿನ ಹೊಣೆ ಹೊತ್ತವರು ಪ್ರಮಾಣೀಕರಿಸಬೇಕು. ಬಹುವರ್ಷದ ಯೋಜನೆಯ ಬಾಕಿ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಿ ಮೂರು ಹಣಕಾಸು ವರ್ಷಗಳಲ್ಲಿ ಬಳಸಬೇಕು. ಉಳಿದ ಬಾಕಿಯನ್ನು ಸೆಪ್ಟೆಂಬರ್ 30ರೊಳಗೆ ಅನುಸೂಚಿ 7ರಲ್ಲಿ ಹೆಸರಿಸಿರುವ ನಿಧಿಯೊಂದಕ್ಕೆ ಕಟ್ಟಬೇಕು. ತಪ್ಪಿದರೆ ಕಂಪನಿಗೆ ವರ್ಗಾಯಿಸಬೇಕಿದ್ದ ಮೊತ್ತದ ಎರಡರಷ್ಟು ಅಥವಾ 1 ಕೋಟಿ ರೂಪಾಯಿ, ಹೊಣೆಗಾರ ಅಧಿಕಾರಿಗೆ ಹತ್ತನೇ ಒಂದು ಭಾಗ ಅಥವಾ 2 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ದಂಡ ಬೀಳುತ್ತದೆ. ಗಡುವಿನ ಈ ಭಯವೇ ಮಾರ್ಚ್ ತಿಂಗಳ ಬ್ಯಾಗುಗಳ ಮೂಲ. ಬಹುವರ್ಷದ ಯೋಜನೆಗೆ ಮೊದಲೇ ಒಪ್ಪಿಗೆ ಪಡೆದವರಿಗೆ ಆ ಅವಸರ ಬೇಕಾಗುವುದಿಲ್ಲ.

## ಹಂತ 8: ವರ್ಷದ ನಂತರ ಮತ್ತೆ ಹೋಗಿ ನೋಡಿ

ಸರಾಸರಿ 10 ಕೋಟಿ ಅಥವಾ ಹೆಚ್ಚು ಸಿಎಸ್‌ಆರ್ ಹೊಣೆಯಿರುವ ಕಂಪನಿಗಳಿಗೆ ಮಾತ್ರ, ಅದೂ 1 ಕೋಟಿ ಅಥವಾ ಹೆಚ್ಚು ವೆಚ್ಚದ ಯೋಜನೆಗಳಿಗೆ, ಹೊರಗಿನವರಿಂದ ಪರಿಣಾಮದ ಮೌಲ್ಯಮಾಪನ ಕಡ್ಡಾಯ. ನಾನು ಹೇಳುತ್ತಿರುವ ಕಂಪನಿಗಳು ಆ ಗಾತ್ರದವಲ್ಲ, ಆದ್ದರಿಂದ ನೀವೇ ಹೋಗಬೇಕು. ಯೋಜನೆಗೆ ಒಪ್ಪಿಗೆ ಕೊಟ್ಟ ಸಭೆಯಲ್ಲಿ ಪ್ರಶ್ನೆ ಎತ್ತಿದವರನ್ನೇ ಕಳುಹಿಸಿ. ಅವರು ಫೋಟೊ ತರುವುದು ಬೇಡ. ಘಟಕ ಎಷ್ಟು ಗಂಟೆಗೆ ತೆರೆದಿತ್ತು, ಆ ಹೊತ್ತಿಗೆ ಎಷ್ಟು ಮಂದಿ ಬಂದರು, ಬಾರದವರು ಎಲ್ಲಿಂದ ನೀರು ತಂದರು ಎಂಬ ಮೂರು ಉತ್ತರ ತರಲಿ. ಅದೇ ದಿನ ಹಂತ 2ರ ಕೋಷ್ಟಕವನ್ನು ಹೊರತೆಗೆದು ಯಾವ ಸಾಲು ತುಂಬಿದೆ, ಯಾವುದು ಇನ್ನೂ ಖಾಲಿ ಎಂದು ಗುರುತಿಸಿ.

ಒಂದು ಕೊನೆಯ ಎಚ್ಚರಿಕೆ. ಕಡ್ಡಾಯ ಮಹಿಳಾ ನಿರ್ದೇಶಕರ ಸ್ಥಾನ ತೆರವಾದರೆ ಮುಂದಿನ ಮಂಡಳಿ ಸಭೆ ಅಥವಾ ಮೂರು ತಿಂಗಳು, ಯಾವುದು ತಡವೋ ಅದರೊಳಗೆ ತುಂಬಬೇಕು. ಮೊದಲೇ ಹುಡುಕಿಟ್ಟುಕೊಳ್ಳದ ಕಂಪನಿಗಳು ಈ ಮೂರು ತಿಂಗಳಲ್ಲಿ ಮತ್ತೆ ಸೊಸೆಯ ಹೆಸರಿಗೇ ಮರಳುತ್ತವೆ. ಖಾಲಿ ಸಾಲುಗಳ ಎದುರು ಪೆನ್ಸಿಲಿನಲ್ಲಿ ಇಬ್ಬರು ಮೂವರ ಹೆಸರು ಬರೆದಿಟ್ಟುಕೊಂಡು, ಮುಂದಿನ ಹಳ್ಳಿ ಭೇಟಿಗೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.